ಹಳೇ ಮನೆ ಒಡೆದ ಕಾಂಕ್ರೀಟ್ ಮತ್ತೆ ಸಿಮೆಂಟ್ ಆಗುತ್ತಾ?

ಪ್ರಶ್ನೆ: ಸಾರ್, ನಮ್ಮದು ತುಮಕೂರು, ಶಿರಾ ಗೇಟ್ ಹತ್ತಿರ. ನಮ್ಮ ತಂದೆ 1986ರಲ್ಲಿ ಕಟ್ಟಿಸಿದ ಸಾವಿರ ಚದರಡಿಯ ಆರ್‌ಸಿಸಿ ಮನೆ ಒಡೆದು 1200 ಚದರಡಿಯ ಹೊಸ ಮನೆ ಕಟ್ಟಬೇಕು ಅಂತಿದ್ದೇವೆ. ಸಿಮೆಂಟ್ ಕಂಪನಿಗಳು ಈಗ ಸರ್ಕ್ಯುಲರ್ ಎಕಾನಮಿ ಅಂತ ಹೇಳ್ತಾ ಇವೆ, ತ್ಯಾಜ್ಯದಿಂದಲೇ ಸಿಮೆಂಟ್ ಮಾಡ್ತಾರಂತೆ. ಹಾಗಾದರೆ ನಮ್ಮ ಮನೆ ಒಡೆದ ಕಾಂಕ್ರೀಟನ್ನು ತಗೊಂಡು ಮತ್ತೆ ಸಿಮೆಂಟ್ ಮಾಡ್ತಾರಾ? ಇನ್ನೊಂದು, ಪಿಪಿಸಿ ಅನ್ನೋ ಸಿಮೆಂಟಿನಲ್ಲಿ ಬೂದಿ ಬೆರೆಸಿರ್ತಾರೆ, ಅದು ಕಲಬೆರಕೆ ಮಾಲು, 53 ಗ್ರೇಡೇ ತನ್ನಿ ಅಂತ ಮೇಸ್ತ್ರಿ ಹಠ ಹಿಡಿದಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಕಾಂಕ್ರೀಟ್ ಸಿಮೆಂಟ್ ಫ್ಯಾಕ್ಟರಿಗೆ ವಾಪಸ್ ಹೋಗಿ ಸಿಮೆಂಟ್ ಚೀಲವಾಗಿ ಬರುವುದು ಸದ್ಯಕ್ಕೆ ಆಗದ ಮಾತು. ಬೂದಿ ಕಲಬೆರಕೆ ಅನ್ನುವುದೂ ತಪ್ಪು. ಆದರೆ ಮೇಸ್ತ್ರಿ ಹಾಗೆ ಹೇಳುವುದಕ್ಕೆ ಒಂದು ಕಾರಣ ಇದೆ, ಅದನ್ನು ಸುಮ್ನೆ ತಳ್ಳಿಹಾಕಬೇಡಿ. ಇನ್ನು ನೀವು ಕೇಳದೇ ಬಿಟ್ಟ ಪ್ರಶ್ನೆಯೊಂದಿದೆ: ಆ ಮನೆ ಒಡೆಯಲೇಬೇಕಾ? ಅದಕ್ಕೂ ಬರುತ್ತೇನೆ.

ಸಿಮೆಂಟ್ ಮಾಡುವಾಗ ಆಗುವುದೇನು ಅಂತ ಮೊದಲು ನೋಡೋಣ. ಸುಣ್ಣದಕಲ್ಲನ್ನು ಪುಡಿ ಮಾಡಿ, ಸ್ವಲ್ಪ ಜೇಡಿ, ಸ್ವಲ್ಪ ಕಬ್ಬಿಣದ ಅದಿರಿನಂಥದ್ದು ಸೇರಿಸಿ, ಉದ್ದನೆಯ ಗೂಡಿನಲ್ಲಿ 1450 ಡಿಗ್ರಿವರೆಗೆ ಕಾಯಿಸುತ್ತಾರೆ. ಆಚೆ ಬರುವುದು ಗೋಲಿಯಂಥ ಕಪ್ಪು ಉಂಡೆಗಳು. ಇದೇ ಕ್ಲಿಂಕರ್. ಇದಕ್ಕೆ ಸ್ವಲ್ಪ ಜಿಪ್ಸಮ್ ಹಾಕಿ ನುಣ್ಣಗೆ ಅರೆದರೆ ಒಪಿಸಿ, ಅಂದರೆ ಮಾಮೂಲಿ ಸಿಮೆಂಟ್. ನಿಮ್ಮ ಮೇಸ್ತ್ರಿ ಹೇಳುವ 53 ಗ್ರೇಡ್ ಇದರಲ್ಲೇ ಒಂದು. ಕಷ್ಟ ಇರುವುದು ಸುಣ್ಣದಕಲ್ಲಿನ ಒಳಗೇ. ನೂರು ಕೆಜಿ ಶುದ್ಧ ಸುಣ್ಣದಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಉಳಿಯುತ್ತದೆ, ಮಿಕ್ಕ 44 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ನೀವು ಕಲ್ಲಿದ್ದಲು ಬಿಟ್ಟು ಸೋಲಾರಿನಲ್ಲೇ ಗೂಡು ಕಾಯಿಸಿದರೂ ಆ 44 ಕೆಜಿ ಹೋಗಿಯೇ ಹೋಗುತ್ತದೆ, ಯಾಕೆಂದರೆ ಅದು ಸೌದೆಯ ಹೊಗೆಯಲ್ಲ, ಕಲ್ಲಿನ ಒಳಗಿದ್ದ ಅನಿಲ. ಸಿಮೆಂಟ್ ಫ್ಯಾಕ್ಟರಿಯ ಒಟ್ಟು ಇಂಗಾಲದಲ್ಲಿ ಹತ್ತಿರ ಹತ್ತಿರ 60% ಹೀಗೆ ಕಲ್ಲಿನಿಂದಲೇ ಬರುವುದು, ಉಳಿದದ್ದು ಮುಖ್ಯವಾಗಿ ಇಂಧನದ್ದು. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ 7-8% ಸಿಮೆಂಟಿನ ಪಾಲು ಅನ್ನುವುದು ಇದಕ್ಕೇ. ಸಿಮೆಂಟ್ ತಯಾರಿಯಲ್ಲಿ ಚೀನಾ ಬಿಟ್ಟರೆ ನಾವೇ ಮುಂದೆ.

ಈಗ ನಿಮ್ಮ ಹಳೇ ಕಾಂಕ್ರೀಟಿಗೆ ಬನ್ನಿ. ಸಿಮೆಂಟಿಗೆ ನೀರು ಬಿದ್ದು ಗಟ್ಟಿಯಾದ ಮೇಲೆ ಅದು ಬೇರೆಯೇ ವಸ್ತು. ಬೆಂದ ಮುದ್ದೆ ಮತ್ತೆ ರಾಗಿ ಹಿಟ್ಟಾಗುವುದಿಲ್ಲ ಅಲ್ವಾ, ಹಾಗೆ. ಸಾಲದ್ದಕ್ಕೆ ಒಂದು ಘನ ಮೀಟರ್ ಕಾಂಕ್ರೀಟು 2400 ಕೆಜಿ ತೂಗಿದರೆ ಅದರಲ್ಲಿ ಸಿಮೆಂಟ್ ಇರುವುದು ಮುನ್ನೂರು ಚಿಲ್ಲರೆ ಕೆಜಿ. ಮಿಕ್ಕಿದ್ದೆಲ್ಲ ಜಲ್ಲಿ, ಮರಳು, ನೀರು. ಆ ಸ್ವಲ್ಪ ಸಿಮೆಂಟು ಜಲ್ಲಿ ಮೈಗೆ ಅಂಟಿಕೊಂಡು ಕೂತಿರುತ್ತದೆ. ಅದನ್ನು ಕೆರೆದು, ಬೇರೆ ಮಾಡಿ, ಪುಡಿ ಮಾಡಿ ಗೂಡಿಗೆ ಹಾಕಬೇಕು. ಅದು ಸಾಧ್ಯ ಇದೆ, ಯಾರೂ ಮಾಡಿಲ್ಲ ಅಂತಲ್ಲ. ಹೋಲ್ಸಿಮ್ ಕಂಪನಿ 2022ರಲ್ಲಿ ಫ್ರಾನ್ಸಿನ ಆಲ್ಟ್‌ಕಿರ್ಶ್ ಫ್ಯಾಕ್ಟರಿಯಲ್ಲಿ ಪೂರ್ತಿ ಮರುಬಳಕೆಯ ಖನಿಜಗಳಿಂದಲೇ ಕ್ಲಿಂಕರ್ ಮಾಡಿ ತೋರಿಸಿತು. ಕೇಂಬ್ರಿಜ್ ವಿಶ್ವವಿದ್ಯಾಲಯದವರು ಇನ್ನೂ ಜಾಣತನದ ದಾರಿ ಹಿಡಿದರು. ಗುಜರಿ ಕಬ್ಬಿಣ ಕರಗಿಸುವ ವಿದ್ಯುತ್ ಕುಲುಮೆಗೆ ಹೇಗೂ ಸುಣ್ಣ ಹಾಕುತ್ತಾರೆ, ಆ ಸುಣ್ಣದ ಬದಲು ಹಳೇ ಸಿಮೆಂಟಿನ ಪುಡಿ ಹಾಕಿದರು. ಕರಗಿದ ಕಬ್ಬಿಣದ ಮೇಲೆ ತೇಲುವ ಕಿಟ್ಟವನ್ನು ಬೇಗ ತಣಿಸಿದರೆ ಅದೇ ಕ್ಲಿಂಕರ್. 2024ರಲ್ಲಿ ಈ ಕೆಲಸ ನೇಚರ್ ಪತ್ರಿಕೆಯಲ್ಲಿ ಬಂತು. ಯುರೋಪಿನಲ್ಲಿ ಹಳೇ ಕಾಂಕ್ರೀಟಿನ ಪುಡಿಯನ್ನು ಸಿಮೆಂಟಿಗೇ ಸೇರಿಸಲು 2023ರಿಂದ ಒಂದು ಸ್ಟ್ಯಾಂಡರ್ಡೂ ಇದೆ. ಎಲ್ಲ ಸರಿ, ಆದರೆ ಇದಕ್ಕೆ ಮೊದಲು ಬೇಕಾದದ್ದು ಒಂದೇ ಕಡೆ, ಒಂದೇ ಗುಣಮಟ್ಟದಲ್ಲಿ, ಪ್ಲಾಸ್ಟಿಕ್ಕು ಮರ ಬಣ್ಣ ಬೆರೆಯದ ಕಾಂಕ್ರೀಟ್ ರಾಶಿ. ನಮ್ಮಲ್ಲಿ ಮನೆ ಒಡೆದರೆ ಏನಾಗುತ್ತದೆ ನಿಮಗೇ ಗೊತ್ತು. ಸ್ಲ್ಯಾಬು, ಇಟ್ಟಿಗೆ, ಕಮೋಡ್, ಹಳೇ ಹಾಸಿಗೆ, ತೆಂಗಿನ ಗರಿ ಎಲ್ಲ ಒಂದೇ ಟ್ರ್ಯಾಕ್ಟರಿಗೆ ತುಂಬಿ, ಕತ್ತಲಾದ ಮೇಲೆ ಬೈಪಾಸ್ ಪಕ್ಕವೋ ಕೆರೆ ಅಂಗಳಕ್ಕೋ ಸುರಿದು ಬರುವುದು.

ಇನ್ನೊಂದು ತೊಡಕು, ನಮ್ಮ ಕಡೆಯದ್ದು. ತುಮಕೂರು ಜಿಲ್ಲೆಗೆ ಸಿಮೆಂಟ್ ಹೊಸದೇನಲ್ಲ, ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದ ಹೆಸರು ಕೇಳದವರಿಲ್ಲ. ಅಲ್ಲಿ ಫ್ಯಾಕ್ಟರಿ ಕಟ್ಟಿದ ಮೈಸೂರು ಸಿಮೆಂಟ್ಸ್ ಕಂಪನಿ 1958ರಷ್ಟು ಹಳೆಯದು. ಆಚೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ, ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿಯಲ್ಲಿ ಎಸಿಸಿಯದ್ದಿದೆ. ಆದರೆ ತೊಂಡೇಭಾವಿಯದ್ದು ಗ್ರೈಂಡಿಂಗ್ ಯೂನಿಟ್. ಬೇರೆ ಕಡೆ ಸುಟ್ಟ ಕ್ಲಿಂಕರನ್ನು ತಂದು ಅರೆಯುವ ಜಾಗ, ಸುಡುವ ಗೂಡು ಅಲ್ಲಿಲ್ಲ. ರಾಜ್ಯದ ದೊಡ್ಡ ಗೂಡುಗಳೆಲ್ಲ ಹೆಚ್ಚಾಗಿ ಕಲಬುರಗಿ ಕಡೆ, ವಾಡಿ, ಸೇಡಂ, ಮಳಖೇಡ. ಯಾಕೆಂದರೆ ಸುಣ್ಣದಕಲ್ಲು ಇರುವುದು ಅಲ್ಲಿ. ನಿಮ್ಮ ಮನೆಯ ನೂರು ಟನ್ ಡೆಬ್ರಿಸ್ಸನ್ನು ಐನೂರು ಕಿಲೋಮೀಟರ್ ಸುಮಾರು ಲಾರಿಯಲ್ಲಿ ಹೊತ್ತು, ಅದರಲ್ಲಿ ಹತ್ತು ಹದಿನೈದು ಟನ್ ಹಳೇ ಸಿಮೆಂಟಿನ ಪುಡಿ ತೆಗೆಯುವುದಕ್ಕೆ ಸುಡುವ ಡೀಸೆಲ್ ಲೆಕ್ಕ ಹಾಕಿ. ಯಾರಿಗೂ ಗಿಟ್ಟುವುದಿಲ್ಲ.

ಹಾಗಾದರೆ ಕಂಪನಿಗಳು ಹೇಳುವುದೆಲ್ಲ ಸುಳ್ಳಾ? ಸುಳ್ಳಲ್ಲ. ಇವತ್ತು ಸಿಮೆಂಟಿಗೆ ವಾಪಸ್ ಬರುತ್ತಿರುವುದು ಬೇರೆಯವರ ಕಸ. ಸಿಮೆಂಟಿನ ಸ್ವಂತ ಕಸಕ್ಕೆ ಇನ್ನೂ ಆ ಭಾಗ್ಯ ಬಂದಿಲ್ಲ. ಥರ್ಮಲ್ ಪವರ್ ಸ್ಟೇಷನ್ನಿನ ಹಾರುಬೂದಿ, ಕಬ್ಬಿಣದ ಕಾರ್ಖಾನೆಯ ಕಿಟ್ಟ ಅಂದರೆ ಸ್ಲ್ಯಾಗ್, ಗೊಬ್ಬರದ ಕಾರ್ಖಾನೆಯ ಜಿಪ್ಸಮ್. ನನ್ನ ಪ್ರಕಾರ ಇದರಲ್ಲಿ ಲೆಕ್ಕಕ್ಕೆ ಬರುವ ಕೆಲಸ ಒಂದೇ, ಚೀಲದಲ್ಲಿ ಕ್ಲಿಂಕರ್ ಕಡಿಮೆ ಮಾಡುವುದು. ಮಿಕ್ಕದ್ದೆಲ್ಲ ಅದರ ಮುಂದೆ ಚಿಕ್ಕದು.

ಒಂದು ಚೀಲ ಎದುರಿಗಿಟ್ಟುಕೊಂಡು ನೋಡೋಣ. 50 ಕೆಜಿ ಒಪಿಸಿ ಚೀಲದಲ್ಲಿ ಸುಮಾರು 47 ಕೆಜಿ ಕ್ಲಿಂಕರ್. ಒಂದು ಕೆಜಿ ಕ್ಲಿಂಕರಿಗೆ ಕಲ್ಲಿನದ್ದೂ ಇಂಧನದ್ದೂ ಸೇರಿ ಸುಮಾರು 850 ಗ್ರಾಂ ಅನಿಲ ಅಂತಿಟ್ಟುಕೊಳ್ಳಿ. ಆ ಚೀಲದ ಹಿಂದೆ ಹತ್ತಿರ ಹತ್ತಿರ 40 ಕೆಜಿ ಅನಿಲ ಹೋಗಿರುತ್ತದೆ. ಅದೇ ಪಿಪಿಸಿ ಚೀಲದಲ್ಲಿ 30% ಬೂದಿ ಇದ್ದರೆ ಕ್ಲಿಂಕರ್ 33 ಕೆಜಿ ಆಸುಪಾಸು, ಅನಿಲ 28 ಕೆಜಿ. ಸ್ಲ್ಯಾಗ್ ಸಿಮೆಂಟ್, ಅಂದರೆ ಪಿಎಸ್‌ಸಿ ಚೀಲದಲ್ಲಿ ಅರ್ಧಕ್ಕಿಂತ ಜಾಸ್ತಿ ಸ್ಲ್ಯಾಗ್ ಇದ್ದರೆ ಅನಿಲ 20 ಕೆಜಿಗಿಂತ ಕೆಳಗೆ. ನಿಮ್ಮ 1200 ಚದರಡಿ ಮನೆಗೆ, ಚದರಡಿಗೆ 0.4 ಚೀಲದ ಲೆಕ್ಕದಲ್ಲಿ 480 ಚೀಲ ಬೇಕು. ಒಪಿಸಿ ಬಿಟ್ಟು ಪಿಪಿಸಿ ತಂದರೆ ಅಷ್ಟಕ್ಕೇ ಐದೂವರೆ ಟನ್ ಮೇಲೆ ಉಳಿಯಿತು. ಮನೆ ಮುಂದೆ ಗಿಡ ನೆಟ್ಟು ಇಷ್ಟು ಉಳಿಸೋಕೆ ಎಷ್ಟು ವರ್ಷ ಬೇಕು ಯೋಚಿಸಿ.

ಈ ಬೂದಿ, ಸ್ಲ್ಯಾಗ್ ಬರುವುದು ಎಲ್ಲಿಂದ? ಬೂದಿ ರಾಯಚೂರಿನ ಶಕ್ತಿನಗರ, ಬಳ್ಳಾರಿಯ ಕುಡತಿನಿಯಂಥ ವಿದ್ಯುತ್ ಸ್ಥಾವರಗಳಿಂದ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೇ ಜಾಸ್ತಿ, ನೂರು ಕೆಜಿ ಸುಟ್ಟರೆ 30-40 ಕೆಜಿ ಬೂದಿ ಉಳಿಯುತ್ತದೆ. ಸ್ಲ್ಯಾಗ್ ತೋರಣಗಲ್ಲಿನ ಜಿಂದಾಲ್‌ನಂಥ ಕಾರ್ಖಾನೆಗಳದ್ದು. ಕಬ್ಬಿಣದ ಕುಲುಮೆಯಿಂದ ಬರುವ ಕಿಟ್ಟವನ್ನು ನೀರು ಬಿಟ್ಟು ಥಟ್ಟನೆ ತಣಿಸಿದರೆ ಗಾಜಿನಂಥ ಮರಳಾಗುತ್ತದೆ, ಅದನ್ನು ಅರೆದರೆ ಸಿಮೆಂಟಿನ ಗುಣ. ಅದೇ ಕಿಟ್ಟ ನಿಧಾನಕ್ಕೆ ತಣಿದರೆ ಬರೀ ಕಲ್ಲು, ರಸ್ತೆಗೆ ಹಾಕಬಹುದು ಅಷ್ಟೆ.

ಈಗ ಮೇಸ್ತ್ರಿ ಮಾತು. ಬೂದಿ ಬೆರೆಸುವುದು ಕದ್ದು ಮಾಡುವ ಕೆಲಸವಲ್ಲ. ಪಿಪಿಸಿಯ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 1489 ಭಾಗ 1ರಲ್ಲಿ 15ರಿಂದ 35% ಬೂದಿ ಇರಬೇಕು ಅಂತಲೇ ಬರೆದಿದೆ. ಸ್ಲ್ಯಾಗ್ ಸಿಮೆಂಟಿಗೆ ಐಎಸ್ 455, ಅದರಲ್ಲಿ 25ರಿಂದ 70%. ಎರಡೂ ಸೇರಿದ ಕಾಂಪೋಸಿಟ್ ಸಿಮೆಂಟಿಗೆ 2015ರಿಂದ ಐಎಸ್ 16415. ಬೂದಿ ಒಳಗೆ ಸುಮ್ಮನೆ ಕೂತಿರುವುದೂ ಇಲ್ಲ. ಸಿಮೆಂಟಿಗೆ ನೀರು ಸೇರಿದಾಗ ಅಂಟು ಹುಟ್ಟುತ್ತದೆ, ಜೊತೆಗೆ ಸುಣ್ಣವೂ ಬಿಡುಗಡೆಯಾಗುತ್ತದೆ. ಆ ಸುಣ್ಣ ಗಟ್ಟಿತನಕ್ಕೆ ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ. ಬೂದಿಯಲ್ಲಿರುವ ಸಿಲಿಕಾ ಆ ಸುಣ್ಣವನ್ನು ಹಿಡಿದುಕೊಂಡು ಇನ್ನಷ್ಟು ಅಂಟು ಮಾಡುತ್ತದೆ. ಸಂದುಗಳು ತುಂಬುತ್ತವೆ, ನೀರು ಇಳಿಯುವುದು ಕಡಿಮೆಯಾಗುತ್ತದೆ, ಶಾಖ ಕಡಿಮೆ ಹುಟ್ಟುವುದರಿಂದ ದಪ್ಪ ಪಾಯದಲ್ಲಿ ಬಿರುಕೂ ಕಡಿಮೆ.

ಆದರೆ ಇದೆಲ್ಲ ನಿಧಾನ. ಮತ್ತೆ ಇದಕ್ಕೆಲ್ಲ ನೀರು ಬೇಕು. ಇಲ್ಲೇ ಮೇಸ್ತ್ರಿ ಅನುಭವ ಕೆಲಸ ಮಾಡುತ್ತಿರುವುದು. ಅವರು ಎಲ್ಲೋ ಪಿಪಿಸಿ ಹಾಕಿ, ಒಪಿಸಿ ಲೆಕ್ಕದಲ್ಲೇ ಸೆಂಟ್ರಿಂಗ್ ಬಿಚ್ಚಿ, ಮೂರು ದಿನ ಪೈಪ್ ಹಿಡಿದು ನೀರು ಚಿಮುಕಿಸಿ ಬಿಟ್ಟಿದ್ದಾರೆ. ಸ್ಲ್ಯಾಬಿನ ಮೇಲ್ಮೈ ಉದುರಿದೆ, ಬಿರುಕು ಬಿಟ್ಟಿದೆ. ಬೈಗುಳ ಬಿದ್ದದ್ದು ಬೂದಿಗೆ. ಬೇಸಿಗೆಯಲ್ಲಿ ತುಮಕೂರು, ಕೋಲಾರದಲ್ಲಿ ಟ್ಯಾಂಕರ್ ನೀರು ಕೊಂಡು ಮನೆ ಕಟ್ಟುವವರು ಮೊದಲು ಕೈ ಬಿಡುವುದೇ ಕ್ಯೂರಿಂಗ್ ನೀರನ್ನು, ಅಂದರೆ ಕಾಂಕ್ರೀಟನ್ನು ಒದ್ದೆ ಇಡುವ ನೀರನ್ನು, ಇದು ಎಲ್ಲ ಸೈಟಿನಲ್ಲೂ ಕಾಣುವ ಮಾತು. ಕಾಂಕ್ರೀಟಿನ ಸ್ಟ್ಯಾಂಡರ್ಡ್ ಐಎಸ್ 456 ಹೇಳುವುದು: ಒಪಿಸಿಗೆ ಕನಿಷ್ಠ 7 ದಿನ ಕ್ಯೂರಿಂಗ್, ಬೂದಿ ಅಥವಾ ಸ್ಲ್ಯಾಗ್ ಬೆರೆತ ಸಿಮೆಂಟಿಗೆ ಕನಿಷ್ಠ 10, ಒಣ ಬಿಸಿಲಿನ ಕಾಲದಲ್ಲಿ 14 ದಿನ. ಸ್ಲ್ಯಾಬಿನ ಮೇಲೆ ಗಾರೆಯಲ್ಲಿ ಚಿಕ್ಕ ಚಿಕ್ಕ ಕಟ್ಟೆ ಕಟ್ಟಿ ನೀರು ನಿಲ್ಲಿಸಿ. ಪಿಲ್ಲರಿಗೆ ಗೋಣಿಚೀಲ ಸುತ್ತಿ ಒದ್ದೆ ಇಡಿ, ಪೈಪಿನಲ್ಲಿ ಚಿಮುಕಿಸಿದರೆ ಅರ್ಧ ಗಂಟೆಯಲ್ಲಿ ಆರಿ ಹೋಗುತ್ತದೆ. ನೀರು ನಿಜಕ್ಕೂ ಇಲ್ಲ ಅಂದರೆ ಮಳೆಗಾಲಕ್ಕೆ ಮೋಲ್ಡ್ ಇಟ್ಟುಕೊಳ್ಳಿ.

ಒಪಿಸಿ ಪರವಾಗಿಯೂ ಒಂದು ಮಾತು ಹೇಳಬೇಕು. 53 ಗ್ರೇಡ್ ಅಂದರೆ 28 ದಿನಕ್ಕೆ ಕನಿಷ್ಠ 53 ಎಂಪಿಎ ಒತ್ತಡ ತಾಳುವ ಗಟ್ಟಿತನ. ಪಿಪಿಸಿಗೆ ಸ್ಟ್ಯಾಂಡರ್ಡ್ ಕೇಳುವ ಕನಿಷ್ಠ 33 ಮಾತ್ರ. ಸೇತುವೆ ಗರ್ಡರ್, ರೈಲ್ವೆ ಸ್ಲೀಪರ್, ಫ್ಯಾಕ್ಟರಿಯಲ್ಲಿ ಎರಕ ಹೊಯ್ದು ಬೇಗ ಬಿಚ್ಚುವ ಕೆಲಸ, ಇವಕ್ಕೆಲ್ಲ ಒಪಿಸಿಯೇ ಬೇಕು. ನಿಮ್ಮದು ಸಾಮಾನ್ಯ ಮನೆ, ಎಂ20 ಕಾಂಕ್ರೀಟು, ಅಂದರೆ 28 ದಿನಕ್ಕೆ 20 ಎಂಪಿಎ ಗಟ್ಟಿತನದ್ದು. ಅದಕ್ಕೆ 53 ಗ್ರೇಡೇ ಬೇಕು ಅಂತೇನಿಲ್ಲ. ಅಂದ ಹಾಗೆ ಬೂದಿ ಹಾಕಿ ಉಳಿಸಿದ ದುಡ್ಡೆಲ್ಲ ನಿಮಗೆ ಬರುತ್ತದೆ ಅಂದುಕೊಳ್ಳಬೇಡಿ, ಅಂಗಡಿಯಲ್ಲಿ ಎರಡಕ್ಕೂ ಬೆಲೆ ವ್ಯತ್ಯಾಸ ಅಷ್ಟಕ್ಕಷ್ಟೆ. ಆ ಉಳಿತಾಯದ ಹೆಚ್ಚಿನ ಪಾಲು ಕಂಪನಿಯಲ್ಲೇ ಉಳಿಯುತ್ತದೆ. ಪರಿಸರದ ಹೆಸರು ಹೇಳುವಾಗ ಇದನ್ನು ಯಾರೂ ಹೇಳುವುದಿಲ್ಲ. ಇನ್ನು, ಒಪಿಸಿ ತಂದು ಸೈಟಿನಲ್ಲೇ ಬೂದಿ ಬೆರೆಸುತ್ತೇವೆ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಬಾಂಡ್ಲಿ ಲೆಕ್ಕದಲ್ಲಿ ಆ ಕೆಲಸ ಆಗುವುದಿಲ್ಲ.

ಈ ಬೂದಿ ಕಥೆಯಲ್ಲಿ ಒಂದು ಬುಡವೇ ಅಲುಗುವ ವಿಷಯವಿದೆ. ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು ಅಂತ ಎಲ್ಲರೂ ಹೇಳುತ್ತೇವೆ. ಅದು ಕಡಿಮೆಯಾದ ದಿನ ಬೂದಿಯೂ ಕಡಿಮೆ. ಗುಜರಿ ಕಬ್ಬಿಣ ಕರಗಿಸುವುದು ಜಾಸ್ತಿಯಾದಷ್ಟೂ ಒಳ್ಳೇ ಸ್ಲ್ಯಾಗೂ ಕಡಿಮೆ. ಬೇರೆಯವರ ಕಸ ನಂಬಿಕೊಂಡು ಸಿಮೆಂಟು ಎಷ್ಟು ದಿನ ಓಡೀತು? ಅದಕ್ಕೇ ಈಗ ಎಲ್ಲರ ಕಣ್ಣು ಜೇಡಿಮಣ್ಣಿನ ಮೇಲೆ. ಕೆಯೊಲಿನ್ ಇರುವ ಜೇಡಿಯನ್ನು 700ರಿಂದ 850 ಡಿಗ್ರಿಯಲ್ಲಿ ಸುಟ್ಟು, ಅದಕ್ಕೆ ಸುಡದ ಸುಣ್ಣದಕಲ್ಲಿನ ಪುಡಿ ಸೇರಿಸಿ ಮಾಡುವ ಸಿಮೆಂಟಿಗೆ ಎಲ್‌ಸಿ3 ಅಂತ ಹೆಸರು. ಅರ್ಧ ಕ್ಲಿಂಕರ್, 30% ಸುಟ್ಟ ಜೇಡಿ, 15% ಸುಣ್ಣದಕಲ್ಲು, 5% ಜಿಪ್ಸಮ್. ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್, ಕ್ಯೂಬಾದ ಸಂಶೋಧಕರು, ನಮ್ಮ ದೆಹಲಿ ಮತ್ತು ಮದ್ರಾಸ್ ಐಐಟಿಯವರು ಸೇರಿ ಬೆಳೆಸಿದ್ದು. ನಮ್ಮಲ್ಲಿ 2023ರಲ್ಲಿ ಇದಕ್ಕೆ ಐಎಸ್ 18189 ಬಂತು. ನಮ್ಮ ಹಳಬರು ಇದನ್ನು ಕೇಳಿದರೆ ನಗುತ್ತಾರೆ, ಯಾಕೆಂದರೆ ಇಟ್ಟಿಗೆ ಪುಡಿ ಮತ್ತು ಸುಣ್ಣದ ಸುರ್ಕಿ ಗಾರೆಯಲ್ಲೇ ಕನ್ನಂಬಾಡಿ ಕಟ್ಟೆ ಎದ್ದದ್ದು. ಸುಟ್ಟ ಜೇಡಿ ಸುಣ್ಣ ಹಿಡಿಯುತ್ತದೆ ಅನ್ನುವ ರಸಾಯನ ಎರಡರಲ್ಲೂ ಒಂದೇ. ಕೋಲಾರ ಜಿಲ್ಲೆಯ ಮಾಲೂರಿನವರಿಗೆ ಹೆಂಚು ಇಟ್ಟಿಗೆ ಸುಟ್ಟು ಜೇಡಿ ಬಗ್ಗೆ ಗೊತ್ತಿರುವಷ್ಟು ನಮಗೆ ಗೊತ್ತಿಲ್ಲ. ಒಡೆದ ಹೆಂಚು, ಒಡೆದ ಇಟ್ಟಿಗೆ, ಇಂಥದ್ದನ್ನೆಲ್ಲ ಪರೀಕ್ಷೆ ಮಾಡಿ ಬಳಸುವ ಕೆಲಸ ಆ ಕಡೆ ಶುರುವಾಗಬೇಕು ಅನ್ನುವುದು ನನ್ನ ಆಸೆ.

ಪ್ಲಾಸ್ಟಿಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಚಿಪ್ಸ್ ಪ್ಯಾಕೆಟ್ಟಿನಂಥ, ಯಾರೂ ಕೊಳ್ಳದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಗೂಡಿಗೆ ಕಲ್ಲಿದ್ದಲಿನ ಬದಲು ಹಾಕುತ್ತಾರೆ. ಗೂಡಿನಿಂದ ನೂರು ಕಿಲೋಮೀಟರ್ ಒಳಗೆ ಕಸದ ಇಂಧನ ತಯಾರಾಗುತ್ತಿದ್ದರೆ ಕನಿಷ್ಠ 5% ಅದನ್ನೇ ಬಳಸಬೇಕು ಅಂತ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು. ಗೂಡಿನ ಜ್ವಾಲೆ ಎರಡು ಸಾವಿರ ಡಿಗ್ರಿ ಹತ್ತಿರ ಇರುತ್ತದೆ, ಬೂದಿಯೂ ಕ್ಲಿಂಕರಿನಲ್ಲೇ ಸೇರಿಹೋಗುತ್ತದೆ. ರಸ್ತೆ ಬದಿ ಬೆಂಕಿ ಹಚ್ಚುವುದಕ್ಕಿಂತ ಸಾವಿರ ಪಾಲು ಮೇಲು, ಅನುಮಾನವೇ ಇಲ್ಲ. ಆದರೆ ಪಿವಿಸಿ ಬೆರೆತರೆ ಕ್ಲೋರಿನ್ ಜಾಸ್ತಿಯಾಗಿ ಗೂಡಿನ ಮುಂಭಾಗದಲ್ಲಿ ಗಟ್ಟಿ ಪದರ ಕಟ್ಟಿ ದಾರಿ ಮುಚ್ಚುತ್ತದೆ, ಗೂಡೇ ನಿಲ್ಲಿಸಬೇಕಾಗುತ್ತದೆ. ಅಜ್ಜಗೊಂಡನಹಳ್ಳಿಗೆ ಹೋಗುವ ನಮ್ಮ ಊರಿನ ಕಸ ಹಸಿ ಒಣ ಬೆರೆತು ಹೋದರೆ ಯಾವ ಗೂಡಿಗೂ ಬೇಡ. ಮತ್ತೆ ಸುಟ್ಟದ್ದು ಸುಟ್ಟ ಹಾಗೇ, ಆ ಪ್ಲಾಸ್ಟಿಕ್ ವಾಪಸ್ ಬರುವುದಿಲ್ಲ. ಅದನ್ನು ಮರುಬಳಕೆ ಅಂತ ಜಾಹೀರಾತು ಹಾಕಿದರೆ ನಾನು ಒಪ್ಪುವುದಿಲ್ಲ.

ಸರಿ, ಈಗ ನಿಮ್ಮ ಮನೆ. 1986ರ ಆರ್‌ಸಿಸಿ ಅಂದರೆ ಮುದುಕನೇನಲ್ಲ. ಒಡೆಯುವ ತೀರ್ಮಾನಕ್ಕೆ ಮುಂಚೆ ಒಂದು ಚಿಕ್ಕ ಪರೀಕ್ಷೆ ಮಾಡಿಸಿ. ಪಿಲ್ಲರಿನಲ್ಲೋ ಬೀಮಿನಲ್ಲೋ ಒಂದು ಕಡೆ ಕಂಬಿ ಕಾಣುವವರೆಗೆ ಉಳಿಯಲ್ಲಿ ಕೆತ್ತಿ, ದೂಳು ಊದಿ, ಫಿನಾಲ್ಫ್ತಲೀನ್ ದ್ರಾವಣ ಸಿಂಪಡಿಸಬೇಕು. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ಬಣ್ಣವಿಲ್ಲದ ನೀರಿನಂತಿರುತ್ತದೆ. ಕಾಂಕ್ರೀಟಿನ ಕ್ಷಾರ ಇನ್ನೂ ಉಳಿದಿರುವ ಕಡೆ ನೋಡನೋಡುತ್ತಲೇ ಗಾಢ ಗುಲಾಬಿ ಬಣ್ಣ ಏರುತ್ತದೆ. ಹೊರಗಿನ ಪದರ ಮಾತ್ರ ಬಣ್ಣ ಬಾರದೆ ಬೂದು ಬಣ್ಣದಲ್ಲೇ ಉಳಿಯುತ್ತದೆ. ಆ ಬೂದು ಪದರ ಅಂದರೆ ಇಷ್ಟು ವರ್ಷದಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಇಳಿದು ಸುಣ್ಣವನ್ನು ಮತ್ತೆ ಸುಣ್ಣದಕಲ್ಲು ಮಾಡಿರುವ ಆಳ. ಗೂಡಿನಲ್ಲಿ ಬಿಟ್ಟ ಅನಿಲದಲ್ಲಿ ಒಂದು ಪಾಲನ್ನು ನಿಮ್ಮ ಮನೆ ಸದ್ದಿಲ್ಲದೆ ವಾಪಸ್ ತಗೊಂಡಿದೆ. ಇದು ಒಳ್ಳೇ ಸುದ್ದಿ, ಆದರೆ ಬೂದು ಪದರ ಕಂಬಿ ಮುಟ್ಟಿದ್ದರೆ ಕೆಟ್ಟ ಸುದ್ದಿ, ಕ್ಷಾರ ಹೋದ ಮೇಲೆ ಕಂಬಿಗೆ ತುಕ್ಕಿನಿಂದ ರಕ್ಷಣೆ ಇಲ್ಲ. ಕಂಬಿ ಸುತ್ತ ಗುಲಾಬಿ ಇದ್ದು, ಕಂಬಿ ಮೈ ಶುದ್ಧವಾಗಿದ್ದು, ಸ್ಲ್ಯಾಬಿನ ಅಡಿ ಪದರ ಉದುರಿಲ್ಲ ಅಂದರೆ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರಿಗೆ ತೋರಿಸಿ, ಅದನ್ನೇ ಉಳಿಸಿಕೊಂಡು ಪಕ್ಕಕ್ಕೋ ಮೇಲಕ್ಕೋ ಬೆಳೆಸಲು ಆಗುತ್ತಾ ಕೇಳಿ. ಕಟ್ಟಿದ ಕಟ್ಟಡವನ್ನು ಇನ್ನು ಮೂವತ್ತು ವರ್ಷ ಬಳಸುವುದಕ್ಕಿಂತ ದೊಡ್ಡ ಸಿಮೆಂಟ್ ಉಳಿತಾಯ ಇಲ್ಲ. ಇದನ್ನು ಯಾವ ಸಿಮೆಂಟ್ ಕಂಪನಿಯೂ ನಿಮಗೆ ಹೇಳುವುದಿಲ್ಲ.

ಒಡೆಯಲೇಬೇಕು ಅಂತಾದರೆ ಕೆಡವುವವರ ಜೊತೆ ಮೊದಲೇ ಮಾತಾಡಿ. ಜೆಸಿಬಿ ಒಂದೇ ದಿನದಲ್ಲಿ ಎಲ್ಲ ಕಲಸಿ ರಾಶಿ ಹಾಕುತ್ತದೆ, ಅಲ್ಲಿಗೆ ಆಟ ಮುಗಿಯಿತು. ಬಾಗಿಲು, ಕಿಟಕಿ, ಗ್ರಿಲ್ಲು, ವೈರು ಮೊದಲು ಬಿಚ್ಚಿಸಿ, ಇವನ್ನು ಗುಜರಿಯವರೂ ಹಳೇ ಮರದ ಅಂಗಡಿಯವರೂ ಬಂದು ಕೊಂಡು ಹೋಗುತ್ತಾರೆ. ಪಾಯದ ಸೈಜುಗಲ್ಲು ಪೂರ್ತಿ ವಾಪಸ್ ಬರುತ್ತದೆ, ಹೊಸ ಪಾಯಕ್ಕೇ ಇಡಿ. ಇಟ್ಟಿಗೆಯನ್ನು ಗಾರೆ ಕೆರೆದು ಕಾಂಪೌಂಡಿಗೆ. ಕಂಬಿಯನ್ನು ನೆಟ್ಟಗೆ ಮಾಡಿ ಮತ್ತೆ ಪಿಲ್ಲರಿಗೆ ಹಾಕುತ್ತೇವೆ ಅಂದರೆ ಮಾತ್ರ ಒಪ್ಪಬೇಡಿ, ಗುಜರಿಗೆ ಹಾಕಿ, ಅದು ಕರಗಿ ಹೊಸ ಕಂಬಿಯಾಗುತ್ತದೆ. ಕಬ್ಬಿಣಕ್ಕೆ ಆ ಪುಣ್ಯ ಇದೆ, ಸಿಮೆಂಟಿಗಿಲ್ಲ. ಹಳೇ ಆಸ್ಬೆಸ್ಟಾಸ್ ಶೀಟ್ ಇದ್ದರೆ ಒಡೆಯದೆ ಇಡಿಯಾಗಿ ಇಳಿಸಿ, ಆ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಮಣ್ಣಿಗೂ ಹಾಕಬೇಡಿ.

ಉಳಿಯುವುದು ಸ್ಲ್ಯಾಬು, ಬೀಮು, ಪಿಲ್ಲರಿನ ಕಾಂಕ್ರೀಟು ಮತ್ತು ಒಡೆದ ಇಟ್ಟಿಗೆ ಗಾರೆ. ಇದಕ್ಕೆ ಒಂದು ಲೆಕ್ಕ ಹೇಳುತ್ತೇನೆ. ಹೊಸ ಮನೆಯ ಪ್ಲಿಂತ್, ಅಂದರೆ ಮನೆಯ ನೆಲದ ಕೆಳಗೆ ಏರಿಸುವ ಕಟ್ಟೆ, ಎರಡು ಅಡಿ ಎತ್ತರ ಇದ್ದರೆ ತುಂಬಬೇಕಾದದ್ದು ಹತ್ತಿರ ಹತ್ತಿರ 2400 ಘನ ಅಡಿ. ಅದಕ್ಕೆ ನೀವು ಇಪ್ಪತ್ತು ಇಪ್ಪತ್ತೈದು ಟ್ರ್ಯಾಕ್ಟರ್ ಲೋಡ್ ಮಣ್ಣು ದುಡ್ಡು ಕೊಟ್ಟು ತರಿಸುತ್ತೀರಿ. ಹಳೇ ಮನೆಯ ನೂರು ಟನ್ ಡೆಬ್ರಿಸ್ಸೂ ಸಡಿಲವಾಗಿ ಹಾಕಿದರೆ ಸುಮಾರು ಅಷ್ಟೇ ಜಾಗ ತಗೊಳ್ಳುತ್ತದೆ. ಒಂದು ಕೈಯಲ್ಲಿ ದುಡ್ಡು ಕೊಟ್ಟು ಹೊರಗೆ ಹಾಕಿ, ಇನ್ನೊಂದು ಕೈಯಲ್ಲಿ ದುಡ್ಡು ಕೊಟ್ಟು ಮಣ್ಣು ತರಿಸುವ ಬದಲು ಮುಷ್ಟಿ ಗಾತ್ರಕ್ಕೆ ಒಡೆಸಿ ಪ್ಲಿಂತಿಗೇ ತುಂಬಿ. ಅರ್ಧ ಅಡಿ ಪದರ ಹಾಕಿ, ಸಂದಿಗೆ ಕ್ರಷರ್ ಡಸ್ಟ್ ಸುರಿದು, ನೀರು ಬಿಟ್ಟು, ದಮ್ಮಸು ಹಾಕಿ, ಆಮೇಲೆ ಮುಂದಿನ ಪದರ. ಮರದ ಚೂರು ಒಂದೂ ಇರಬಾರದು, ಗೆದ್ದಲು ಬರುತ್ತದೆ. ಪಿಒಪಿ ಸೀಲಿಂಗ್ ಚೂರೂ ಬೇಡ, ಅದರ ಸಲ್ಫೇಟು ಕಾಂಕ್ರೀಟಿಗೆ ಶತ್ರು.

ಸ್ಲ್ಯಾಬಿನ ಒಳ್ಳೇ ಕಾಂಕ್ರೀಟನ್ನು ಬೇರೆ ಇಟ್ಟುಕೊಂಡರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಐಎಸ್ 383 ಸ್ಟ್ಯಾಂಡರ್ಡು 2016ರಿಂದ ಹಳೇ ಕಾಂಕ್ರೀಟಿನ ಜಲ್ಲಿಗೆ ಅನುಮತಿ ಕೊಟ್ಟಿದೆ. ಕಂಬಿ ಇಲ್ಲದ ಕಾಂಕ್ರೀಟಿನಲ್ಲಿ 25%, ಆರ್‌ಸಿಸಿಯಲ್ಲಿ ಎಂ25ವರೆಗೆ 20%, ಎಂ15ಕ್ಕಿಂತ ಕಡಿಮೆಯ ಲೀನ್ ಕಾಂಕ್ರೀಟಿನಲ್ಲಿ ಪೂರ್ತಿ 100%. ಮನೆ ಅಂಗಳದಲ್ಲಿ ಸುತ್ತಿಗೆಯಲ್ಲಿ ಒಡೆದ ಜಲ್ಲಿಯನ್ನು ಪಿಲ್ಲರು ಸ್ಲ್ಯಾಬಿಗೆ ಹಾಕಿ ಅಂತ ನಾನು ಹೇಳುವುದಿಲ್ಲ, ಅದಕ್ಕೆ ಜರಡಿ, ತೊಳೆಯುವುದು, ಪರೀಕ್ಷೆ ಎಲ್ಲ ಬೇಕು. ನೆಲದ ಅಡಿಯ ಬೆಡ್ ಕಾಂಕ್ರೀಟಿಗೆ ಧಾರಾಳವಾಗಿ ಹಾಕಿ. ಹಿಂದಿನ ದಿನವೇ ನೀರಿನಲ್ಲಿ ನೆನೆಸಿಡಿ, ಅಂಟಿಕೊಂಡ ಹಳೇ ಗಾರೆ ನೀರು ಕುಡಿಯುತ್ತದೆ, ನೆನೆಸದಿದ್ದರೆ ಹೊಸ ಸಿಮೆಂಟಿನ ನೀರನ್ನೇ ಎಳೆದುಕೊಳ್ಳುತ್ತದೆ. ಚಿಕ್ಕಬಳ್ಳಾಪುರ ಸುತ್ತ ಬೆಟ್ಟ ಸಿಡಿಸಿ ಜಲ್ಲಿ ಎಂ ಸ್ಯಾಂಡ್ ಮಾಡುತ್ತಿದ್ದೇವೆ, ಅದೇ ಜಲ್ಲಿಯಿಂದ ಕಟ್ಟಿದ್ದನ್ನು ಒಡೆದು ಕೆರೆಗೆ ಹಾಕುತ್ತಿದ್ದೇವೆ. ಅಷ್ಟು ಕ್ರಷರ್ ಇರುವ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಒಂದೊಂದು ಕ್ರಷರ್ ಡೆಬ್ರಿಸ್ಸಿಗೆ ಅಂತ ಮೀಸಲಿಟ್ಟರೂ ಎಷ್ಟೋ ಆಗುತ್ತದೆ. ರಸ್ತೆ ಅಡಿಗೆ ಇಂಥ ಮಾಲು ಬಳಸಲು ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 121 ಅಂತ 2017ರದ್ದೇ ಮಾರ್ಗಸೂಚಿ ಇದೆ. ಕೇಂದ್ರ ಸರ್ಕಾರ 2025ರಲ್ಲಿ ಹೊರಡಿಸಿದ ಕಟ್ಟಡ ತ್ಯಾಜ್ಯದ ಹೊಸ ನಿಯಮ 2026ರ ಏಪ್ರಿಲ್ 1ರಿಂದ ಜಾರಿ, ಆದರೆ ಅದರ ಮರುಬಳಕೆ ಹೊಣೆ ಬೀಳುವುದು 20,000 ಚದರ ಮೀಟರಿನ ಮೇಲಿನ ದೊಡ್ಡ ಕಟ್ಟಡಗಳಿಗೆ. ನಿಮ್ಮಂಥ ಮನೆಗಳು ಅದರಲ್ಲಿ ಬರುವುದಿಲ್ಲ. ತುಮಕೂರಿನಂಥ ಊರಿನಲ್ಲಿ ಏಳುವ ಡೆಬ್ರಿಸ್ ಹೆಚ್ಚಿನದು ಇಂಥ ಮನೆಗಳದ್ದೇ, ಇದೇ ನನಗೆ ಸಮಾಧಾನ ಇಲ್ಲದ ವಿಷಯ.

ಕೊನೆಗೆ ಮೇಸ್ತ್ರಿ ಹತ್ತಿರ ವಾದಕ್ಕೆ ಹೋಗಬೇಡಿ. ಅಗ್ರಿಮೆಂಟಿನಲ್ಲಿ ಬರೆಸಿ: ಚೀಲದ ಮೇಲೆ ಐಎಸ್ 1489 ಅಥವಾ ಐಎಸ್ 455 ಇರಬೇಕು, ತಯಾರಾದ ವಾರ ಮತ್ತು ವರ್ಷ ನೋಡಿ ಮೂರು ತಿಂಗಳಿಗಿಂತ ಹಳೇದು ಇಳಿಸಬಾರದು, ಕ್ಯೂರಿಂಗ್ 14 ದಿನ. ಸ್ಲ್ಯಾಬಿನ ಅಡಿ ಊರುಗೋಲು ತೆಗೆಯುವುದಕ್ಕೆ ಐಎಸ್ 456 ಒಪಿಸಿಗೆ ಹೇಳುವುದು ನಾಲ್ಕೂವರೆ ಮೀಟರ್ ಒಳಗಿನ ಅಗಲಕ್ಕೆ 7 ದಿನ, ಅದಕ್ಕಿಂತ ಜಾಸ್ತಿಗೆ 14. ಪಿಪಿಸಿಗೆ ಇದರ ಮೇಲೆ ಇನ್ನೂ ಕೆಲವು ದಿನ ಬಿಡಿ, ಎಷ್ಟು ಅಂತ ನಿಮ್ಮ ಇಂಜಿನಿಯರ್ ಹತ್ತಿರವೇ ಬರೆಸಿಕೊಳ್ಳಿ. ಸೆಂಟ್ರಿಂಗ್ ಬಾಡಿಗೆ ಜಾಸ್ತಿಯಾಗುತ್ತೆ ಅಂತ ಅವರು ಗೊಣಗುವುದು ನ್ಯಾಯವೇ, ಆ ದಿನಗಳ ಬಾಡಿಗೆ ನೀವು ಕೊಡಿ. ಸ್ಲ್ಯಾಬ್ ಹಾಕುವ ದಿನ ಅದೇ ಕಾಂಕ್ರೀಟಿನಲ್ಲಿ 15 ಸೆಂ.ಮೀ.ನ ಆರು ಕ್ಯೂಬ್ ಹಾಕಿಸಿ ನೀರಿನಲ್ಲಿ ಮುಳುಗಿಸಿಡಿ. ಮೂರನ್ನು 7 ದಿನಕ್ಕೆ, ಮೂರನ್ನು 28 ದಿನಕ್ಕೆ ಯಾವುದಾದರೂ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿನಲ್ಲಿ ಒತ್ತಿಸಿ ನೋಡಿ. ಏಳನೇ ದಿನದ ನಂಬರ್ ಸ್ವಲ್ಪ ಕೆಳಗಿದ್ದರೆ ಗಾಬರಿಯಾಗಬೇಡಿ, ಬೂದಿ ಇನ್ನೂ ಕೆಲಸ ಶುರು ಮಾಡುತ್ತಿರುತ್ತದೆ. ಇಪ್ಪತ್ತೆಂಟನೇ ದಿನ ಮೇಸ್ತ್ರಿಯನ್ನೂ ಲ್ಯಾಬಿಗೆ ಕರೆದುಕೊಂಡು ಹೋಗಿ.